ಹೊಗಳಿದವರು ಕೊಳ್ಳುವುದಿಲ್ಲ

ಶೋರೂಮಿನ ಕೆಲಸದ ವಿಷಯ ಹೇಳಿದಾಗ ಅಪ್ಪ ಅದನ್ನು ಬಾಯ್ತುಂಬ ಹೊಗಳಿದ. ಅವನಿಗೆ ಅದು ಸುತರಾಂ ಇಷ್ಟವಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

“ಎಂಥಾ ಒಳ್ಳೆ ಕೆಲಸ,” ಎಂದ, ಹಳೆಯ ಕಪಾಟೊಂದರ ಕೀಲಿಗೆ ಎಣ್ಣೆ ಬಿಡುತ್ತ. “ತಣ್ಣಗಿರೋ ಕೋಣೆ, ಇಸ್ತ್ರಿ ಬಟ್ಟೆ, ಕೊರಳಲ್ಲಿ ಬ್ಯಾಡ್ಜು. ಕಂಪನಿ ಅಂದ್ರೆ ಸುಮ್ನೇನಾ. ಬಹಳ ಚೆನ್ನಾಗಿದೆ.”

ನಮ್ಮ ಬೀದಿಯಲ್ಲಿ ಬೆಳೆಯದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಹಳೇ ಸಾಮಾನಿನ ಬೀದಿ. ಒಬ್ಬರ ಮನೆಯಲ್ಲಿ ಸಾಕಾದ ಕುರ್ಚಿ, ಕಪಾಟು, ಫ್ಯಾನು, ಗಡಿಯಾರ ನಮ್ಮಲ್ಲಿಗೆ ಬಂದು, ಒರೆಸಿಕೊಂಡು, ಇನ್ನೊಬ್ಬರ ಮನೆಗೆ ಹೊಸದಾಗಿ ಹೋಗುತ್ತವೆ. ಇಲ್ಲಿ ಬೇಕಾದ ವಸ್ತುವನ್ನು ಯಾರೂ ಹೊಗಳುವುದಿಲ್ಲ. ಹೊಗಳಿದರೆ ಬೆಲೆ ಏರುತ್ತದೆ ಎಂಬುದು ತೊಟ್ಟಿಲಲ್ಲಿರುವ ಮಗುವಿಗೂ ಗೊತ್ತು. ಮೇಜು ಮನಸ್ಸಿಗೆ ಹಿಡಿಸಿತೆಂದರೆ ಅದರ ಕಾಲು ಕುಂಟು, ಮರ ಪೊಳ್ಳು, ಬಣ್ಣ ದರಿದ್ರ. ತೀರಾ ಹಿಡಿಸಿತೆಂದರೆ, ಇಂಥದ್ದನ್ನು ಮಾರಲು ನಿಮಗೆ ನಾಚಿಕೆಯಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಬೇಡವಾದರೆ ಮಾತ್ರ ವಸ್ತುವನ್ನು ಮೆಲ್ಲಗೆ ಕೆಳಗಿಟ್ಟು, ಬಹಳ ಚೆನ್ನಾಗಿದೆ ಎಂದು ಹೇಳಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಬೇಕಾದ್ದನ್ನ ಬೈಬೇಕು, ಬೇಡದ್ದನ್ನ ಹೊಗಳಬೇಕು ಎನ್ನುವುದು ಅಪ್ಪನ ಪಾಠ.

ಈ ಪಾಠ ಅಂಗಡಿಯ ಹೊಸ್ತಿಲಲ್ಲೇ ನಿಂತಿದ್ದರೆ ಸರಿಯಿತ್ತು. ಅದು ಮೆಟ್ಟಿಲು ಹತ್ತಿ ಮನೆಗೂ ಬಂದಿತ್ತು. ಅಪ್ಪ ನನ್ನನ್ನು ಕರೆಯುವುದೇ ಮೈಗಳ್ಳಿ ಎಂದು. ನನ್ನ ಅಡುಗೆಗೆ ಉಪ್ಪಿಲ್ಲ, ನನ್ನ ಅಕ್ಷರ ಕಾಗೆ ಕಾಲು, ನಾನು ನಡೆದರೆ ಕೆಳಗಿನ ಅಂಗಡಿಯ ಗಡಿಯಾರಗಳೆಲ್ಲ ನಿಲ್ಲುತ್ತವೆ. ಗೆಳತಿಯರು ಇದನ್ನು ಕೇಳಿ ನನಗಾಗಿ ಕಣ್ಣೀರು ಹಾಕಿದ್ದುಂಟು. ನಾನು ಮಾತ್ರ ಒಳಗೊಳಗೇ ಹಿಗ್ಗುತ್ತಿದ್ದೆ. ಇಡೀ ಬೀದಿಯಲ್ಲಿ ನನ್ನಷ್ಟು ಬೈಸಿಕೊಂಡ ಮಗಳು ಇನ್ನೊಬ್ಬಳಿರಲಿಲ್ಲ.

ಅಂಥ ಅಪ್ಪ ಈಗ ಕೆಲಸವನ್ನು ಹೊಗಳುತ್ತ ಕೂತಿದ್ದ. ನನಗೋ ಆ ಕೆಲಸ ಬೇಕೇ ಬೇಕಿತ್ತು. ಬೀದಿಯ ತುದಿಯಲ್ಲಿರುವ ಗಾಜಿನ ಶೋರೂಮಿನಲ್ಲಿ ಹೊಸ ಟ್ಯಾಬ್ಲೆಟ್ ಬಿಡುಗಡೆಯಾಗುವುದಿತ್ತು. ಆ ಒಂದು ದಿನಕ್ಕೆ ಕೌಂಟರಿನಲ್ಲಿ ನಿಲ್ಲಲು ಊರಿನವರೇ ಒಬ್ಬರು ಬೇಕಾಗಿದ್ದರು. ಕೆಲಸ ಒಪ್ಪಿಗೆಯಾದರೆ ಕಂಪನಿಯೇ ಖಾಯಂ ಮಾಡಿಕೊಂಡು, ಬಿಡುಗಡೆ ನಡೆಯುವ ಊರಿಂದೂರಿಗೆ ಕರೆದೊಯ್ಯುತ್ತದೆ. ಹುಟ್ಟಿದಾಗಿನಿಂದ ನಾನು ಮುಟ್ಟಿದ್ದೆಲ್ಲ ಇನ್ನೊಬ್ಬರು ಬಳಸಿ ಬಿಟ್ಟದ್ದೇ. ಪೆಟ್ಟಿಗೆಯ ಅಂಟುಪಟ್ಟಿಯನ್ನು ಮೊಟ್ಟಮೊದಲಿಗೆ ಕೀಳುವ ಸದ್ದು ಹೇಗಿರುತ್ತದೆ ಎಂದು ಕೇಳುವ ಆಸೆ ನನಗೆ. ಊರು ಬಿಟ್ಟು ಊರು ನೋಡುವ ಆಸೆಯೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ.

ಅಪ್ಪ ಬೇಡವೆಂದರೆ ಹೋಗಲಾರದಷ್ಟು ಸಣ್ಣವಳೇನಲ್ಲ ನಾನು. ಜಗಳವಾಡಿ ಹೋಗುವುದು ಸುಲಭ. ಆದರೆ ಹೀಗೆ ಹೊಗಳುತ್ತ ಕೂತವನನ್ನು ಬಿಟ್ಟು ಹೋಗಲು ಕಾಲು ಹೇಗೆ ಏಳುತ್ತದೆ. ಅವನು ಆ ಕೆಲಸಕ್ಕೆ ಒಂದೇ ಒಂದು ಕೊಂಕು ತೆಗೆದಿದ್ದರೆ ಸಾಕಿತ್ತು, ನಾನು ಕುಣಿಯುತ್ತ ಹೋಗುತ್ತಿದ್ದೆ. “ಹೋಗಿ ಬಾ, ಒಂದು ದಿನ ತಾನೇ,” ಎಂದಷ್ಟೇ ಹೇಳಿ ಎಣ್ಣೆಯ ಡಬ್ಬಿ ಮುಚ್ಚಿದ.

ಬಿಡುಗಡೆಯ ಬೆಳಗ್ಗೆ ಬೀದಿಗೆ ಬೀದಿಯೇ ಶೋರೂಮಿನ ಬಾಗಿಲಲ್ಲಿತ್ತು. ಕಂಪನಿಯಿಂದ ಬಂದಿದ್ದ ಮೇಡಂ ನನಗಿಂತ ಸ್ವಲ್ಪ ದೊಡ್ಡವರು, ಚುರುಕಿನವರು, ಮಾತಾಡುವಾಗಲೂ ನಡೆಯುತ್ತಲೇ ಇರುವವರು. ನನ್ನ ಕೊರಳಿಗೆ ಬ್ಯಾಡ್ಜು ಹಾಕಿ, ಪಕ್ಕದ ಸಣ್ಣ ಕೋಣೆ ತೋರಿಸಿದರು. ಒಳಗೆ ಒಂದು ಸ್ಟೂಲು, ಅದರೆದುರು ಕ್ಯಾಮೆರಾ.

“ಗ್ರಾಹಕರು ಟ್ಯಾಬ್ ಮುಟ್ಟಿ ನೋಡ್ತಾರೆ. ಆಮೇಲೆ ಇಲ್ಲಿ ಒಬ್ಬೊಬ್ಬರೇ ಕೂತು, ಮನಸ್ಸಲ್ಲಿ ಏನಿದೆಯೋ ಅದನ್ನ ಹೇಳ್ತಾರೆ. ನಾವ್ಯಾರೂ ಒಳಗಿರಲ್ಲ, ಎದುರಿಗೆ ಜನ ಇದ್ರೆ ಸಂಕೋಚ ಪಡ್ತಾರೆ. ಹೇಳಿದ್ದೆಲ್ಲ ನೇರವಾಗಿ ಮುಖ್ಯ ಕಚೇರಿಗೆ ಹೋಗುತ್ತೆ. ನಿಂಗಿರೋದು ಒಂದೇ ಕೆಲಸ. ಎಲ್ಲರನ್ನೂ ಕಳಿಸ್ಬೇಡ. ನಿಜವಾಗ್ಲೂ ಇಷ್ಟಪಟ್ಟೋರನ್ನ ಮಾತ್ರ ಆರಿಸಿ ಕಳಿಸು.”

“ಅದಕ್ಕೇನಂತೆ ಮೇಡಂ, ಮುಖ ನೋಡಿದ್ರೆ ಹೇಳ್ತೀನಿ,” ಎಂದೆ. ಜಂಬ ಕೊಚ್ಚಿದ್ದಲ್ಲ. ಅಂಗಡಿಗೆ ಕಾಲಿಟ್ಟವರಲ್ಲಿ ಕೊಳ್ಳುವವರು ಯಾರು, ಹೊತ್ತು ಕಳೆಯಲು ಬಂದವರು ಯಾರು ಎಂದು ಗುರುತಿಸುವುದರಲ್ಲೇ ನಾನು ದೊಡ್ಡವಳಾದದ್ದು.

ಟ್ಯಾಬ್ಲೆಟ್ ಚೆಲುವಾಗಿತ್ತು. ಅಂಟುಪಟ್ಟಿ ಕಿತ್ತವಳು ನಾನೇ. ಕಪ್ಪು ಗಾಜಿನ ಮೇಲೆ ಪೆನ್ನಿನಿಂದ ಗೀಚಿದರೆ ಗೀಚಿದ್ದು ಬಣ್ಣವಾಗುತ್ತಿತ್ತು, ಬಾಯಲ್ಲಿ ಹೇಳಿದರೆ ಹೇಳಿದ್ದು ಅಕ್ಷರವಾಗುತ್ತಿತ್ತು. ನಾನು ಮನಸ್ಸಿನಲ್ಲೇ ಅದನ್ನು ಚೆನ್ನಾಗಿ ಬೈದೆ.

ಮೊದಲು ಬಂದವನು ಕಪ್ಪು ಕನ್ನಡಕದ ಯುವಕ. “ಆಹಾ, ಎಂಥ ಸ್ಕ್ರೀನು. ಏನು ಹಗುರ. ಇಂಥದ್ದನ್ನ ಜನ್ಮದಲ್ಲಿ ನೋಡಿಲ್ಲ,” ಎಂದ. ಪಾಪ, ಬಿಸಿಲಿಗೆ ಒಳಗೆ ಬಂದವನು. ಕುಡಿಯಲು ನೀರು ಕೊಟ್ಟು ಬೀಳ್ಕೊಟ್ಟೆ. ಹೀಗೆ ಹೊಗಳುವವರು ಬೆಳಗಿನಿಂದ ಸಾಕಷ್ಟು ಜನ ಬಂದರು. ಒಬ್ಬರನ್ನೂ ಕ್ಯಾಮೆರಾದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕಂಪನಿಯ ಹೊತ್ತು ಹಾಳು ಮಾಡಲು ನಾನೇನು ದಡ್ಡಿಯೇ.

ಆಮೇಲೆ ಬೇಕರಿಯವರು ಬಂದರು. ಟ್ಯಾಬನ್ನು ಅಂಗೈಯಲ್ಲಿ ತೂಗಿ ನೋಡಿ ಮುಖ ಕಿವುಚಿದರು. “ಇದಕ್ಕೇನಮ್ಮಾ ತೂಕನೇ ಇಲ್ಲ. ಒಳಗೆ ಏನಾದ್ರೂ ಇಟ್ಟಿದಾರೋ, ಮರೆತಿದಾರೋ?” ನನ್ನ ಮನಸ್ಸು ಅರಳಿತು. “ಮೂಲೆ ನೋಡು, ತರಕಾರಿ ಹೆಚ್ಚಬಹುದು. ಬೆರಳಿಟ್ಟಲ್ಲೆಲ್ಲ ಕಲೆ. ಥೂ.” ಥೂ ಎಂದರೆ ಸಾಮಾನ್ಯವೇ. ಕೈ ಹಿಡಿದು ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದೆ. “ಈಗ ಹೇಳಿದ್ದನ್ನೇ ಹೇಳಿ ಅಣ್ಣಾ, ಒಂದಕ್ಷರ ಬಿಡಬೇಡಿ,” ಎಂದೆ.

ಅವರ ಹಿಂದೆ ಬಟ್ಟೆ ಅಂಗಡಿಯ ಓರಗಿತ್ತಿಯರು. ಹಿರಿಯವಳು ಎತ್ತು ಏರಿಗೆ ಎಂದರೆ ಕಿರಿಯವಳು ಕೋಣ ನೀರಿಗೆ ಎನ್ನುವ ಜೋಡಿ. ಅಂದು ಮಾತ್ರ ಇಬ್ಬರ ಬಾಯಲ್ಲೂ ಒಂದೇ ಮಾತು. ಪೆನ್ನು ಮೊದಲನೇ ದಿನವೇ ಕಳೆದುಹೋಗುತ್ತದೆ, ಕಪ್ಪು ಬಣ್ಣ ನೋಡಿದರೆ ಊಟ ಸೇರುವುದಿಲ್ಲ, ಇದನ್ನು ಕಟ್ಟಿಕೊಂಡವರ ಮನೆ ಉದ್ಧಾರವಾದ ಹಾಗೇ. ಹತ್ತಾರು ವರ್ಷದಲ್ಲಿ ಆ ಇಬ್ಬರೂ ಒಂದೇ ವಸ್ತುವನ್ನು ಇಷ್ಟಪಟ್ಟದ್ದು ಅದೇ ಮೊದಲು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಬ್ಬರನ್ನೂ ಒಟ್ಟಿಗೇ ಕೋಣೆಗೆ ನೂಕಿದೆ. ಹೊರಗೆ ಬಂದವರು ನೇರ ಬಿಲ್ಲು ಮಾಡಿಸಲು ಹೋದರು, ಸಾಲಿನಲ್ಲಿ ನಿಂತೂ ಬೈಯುತ್ತಲೇ ಇದ್ದರು.

ಅಷ್ಟರಲ್ಲಿ ಶಾಲೆಯ ಡ್ರಿಲ್ ಮೇಷ್ಟ್ರು ಬಂದು, ಟ್ಯಾಬನ್ನು ಎರಡು ಕೈಯಲ್ಲಿ ಹಿಡಿದು, ತಪ್ಪು ಮಾಡಿದ ಹುಡುಗನನ್ನು ನೋಡುವಂತೆ ನೋಡಿದರು. “ಇದು ಬಾಳಲ್ಲ,” ಎಂದರು. ಆಹಾ, ಎಂಥ ಮಾತು. ಅವರನ್ನೂ ಕಳಿಸಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ನನ್ನನ್ನು ಒಳಗೆ ಕರೆದರು. ಮೊದಲ ಬಾರಿಗೆ ಅವರು ಒಂದೇ ಕಡೆ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಬೆಳಗಿನಿಂದ ಚಿತ್ರೀಕರಿಸಿದ್ದನ್ನು ಹಾಕಿ ತೋರಿಸಿದರು.

ಬೇಕರಿಯವರು ಥೂ ಎಂದರು. ಓರಗಿತ್ತಿಯರು ಒಬ್ಬರ ಮಾತನ್ನೊಬ್ಬರು ತುಂಡರಿಸಿ ಶಾಪ ಹಾಕಿದರು. ಮೇಷ್ಟ್ರು ಕ್ಯಾಮೆರಾದ ಕಣ್ಣಲ್ಲಿ ಕಣ್ಣಿಟ್ಟು, “ಇದು ಬಾಳಲ್ಲ. ಇದನ್ನ ಮಾಡಿದೋರೂ ಬಾಳಲ್ಲ,” ಎಂದು ವಿಸ್ತರಿಸಿದರು. ಇನ್ನೊಬ್ಬರು ಏನೂ ಹೇಳದೆ ತಲೆ ಅಲ್ಲಾಡಿಸಿ ನಿಟ್ಟುಸಿರು ಬಿಟ್ಟು ಎದ್ದು ಹೋದರು.

ನಾನು ಹೆಮ್ಮೆಯಿಂದ ಮೇಡಂ ಮುಖ ನೋಡಿದೆ.

“ಇಷ್ಟಪಟ್ಟೋರನ್ನ ಕಳಿಸು ಅಂದಿದ್ದೆ,” ಎಂದರು ಅವರು, ಮೆಲ್ಲಗೆ.

“ಇವ್ರೆಲ್ಲ ಪ್ರಾಣ ಬಿಡ್ತಿದಾರಲ್ಲ ಮೇಡಂ ಅದರ ಮೇಲೆ.”

“ಮುಖ್ಯ ಕಚೇರಿಯೋರು ಇದನ್ನೆಲ್ಲ ನೋಡಿದಾರೆ, ಬಿಲ್ಲಿನ ಲೆಕ್ಕ ಅವರಿಗೆ ಸಿಗೋದು ರಾತ್ರಿಗೇ. ಈ ಊರಲ್ಲಿ ಟ್ಯಾಬ್ ಮಕಾಡೆ ಮಲಗ್ತು ಅಂತಿದಾರೆ. ಸಂಜೆಗೆ ಕೌಂಟರ್ ಎತ್ತಿ ಅಂತ ಹೇಳಿದಾರೆ.”

ಆಗ ನನಗೆ ಆದ ಗಾಬರಿಯನ್ನು ಏನೆಂದು ಹೇಳಲಿ. ಕ್ಯಾಮೆರಾದ ಆ ಕಡೆ ಕೂತವರು ನಮ್ಮ ಬೀದಿಯವರಲ್ಲ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬೈಯುವುದೆಂದರೆ ಬೈಯುವುದು ಎಂದೇ ತಿಳಿಯುವ ಜನ ಲೋಕದಲ್ಲಿದ್ದಾರೆ, ಅವರೇ ಹೆಚ್ಚು ಇದ್ದಾರೆ. ಕೈಗೆ ಬಂದ ತುತ್ತನ್ನು ನಾನೇ ತಟ್ಟಿ ಬೀಳಿಸಿದ್ದೆ. ಸಂಜೆಗೆ ಮೈಗಳ್ಳಿ ಮರಳಿ ಕಪಾಟಿನ ಕೀಲಿಗೆ ಎಣ್ಣೆ ಬಿಡಬೇಕು.

ನಮ್ಮ ಬೀದಿಯ ಪಾಠವನ್ನೆಲ್ಲ ಮೇಡಂಗೆ ವಿವರಿಸಿ ಹೇಳಿದೆ. ಅವರು ನಂಬಲಿಲ್ಲ. ನನ್ನನ್ನು ನೋಡಿದ ರೀತಿಯಲ್ಲಿ ಕನಿಕರವಿತ್ತು, ಅದು ಇನ್ನೂ ಉರಿಯಿತು. “ಹೋಗ್ಲಿ, ಇನ್ಮೇಲಾದ್ರೂ ಜನರ ಬಾಯಲ್ಲಿ ನಾಲ್ಕು ಒಳ್ಳೆ ಮಾತು ಆಡಿಸು,” ಎಂದರು. ಆದದ್ದಾಗಲಿ ಎಂದು ಹೊರಗೆ ಬಂದು ಬಾಗಿಲಲ್ಲೇ ಕೂಗಿ ಹೇಳಿದೆ, “ದಯವಿಟ್ಟು ಎಲ್ಲರೂ ಸ್ವಲ್ಪ ಹೊಗಳಿ. ಕಂಪನಿಯೋರ ಅಪೇಕ್ಷೆ.”

ಬಿಲ್ಲಿನ ಸಾಲಿನಲ್ಲಿದ್ದ ಮೇಷ್ಟ್ರು ಕೈಯಲ್ಲಿದ್ದ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಹೊಗಳಿ ಅಂತ ಕೇಳ್ತಿದಾರೆ ಅಂದ್ರೆ ಒಳಗೆ ಏನೋ ಐಬಿದೆ,” ಎಂದರು ಪಕ್ಕದವರಿಗೆ.

“ನಂಗೂ ಹಾಗೇ ಅನ್ನಿಸ್ತು,” ಎಂದರು ಪಕ್ಕದವರು, ತಮ್ಮ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು. “ಬಹಳ ಚೆನ್ನಾಗಿದೆ.”

ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂಬ ಮಾತು ಸಾಲಿನ ಈ ತುದಿಯಿಂದ ಆ ತುದಿಗೆ ಹರಿಯಿತು. ಒಬ್ಬೊಬ್ಬರಾಗಿ ಪೆಟ್ಟಿಗೆ ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. ಓರಗಿತ್ತಿಯರು ಕೊಂಡದ್ದನ್ನು ಹಿಡಿದುಕೊಂಡು, ಇನ್ನೇನು ವಾಪಸು ಕೊಡುವುದೇ ಸರಿ ಎಂಬಂತೆ ಒಳಗೆ ಬಂದರು. “ಎಷ್ಟು ಮುದ್ದಾಗಿದೆ ಅಲ್ವಾ,” ಎಂದಳು ಕಿರಿಯವಳು.

ಮೇಡಂ ಮಾತ್ರ ಖುಷಿಯಾಗಿ ಕ್ಯಾಮೆರಾವನ್ನೇ ಎತ್ತಿಕೊಂಡು ಹೊರಗೆ ಬಂದಿದ್ದರು. “ಈಗ ನೋಡು, ಎಲ್ಲರೂ ಹೊಗಳ್ತಿದಾರೆ,” ಎಂದರು. ಆಮೇಲೆ ಖಾಲಿಯಾಗುತ್ತಿದ್ದ ಸಾಲನ್ನು ನೋಡಿದರು. ಇಟ್ಟು ಹೋದ ಪೆಟ್ಟಿಗೆಗಳನ್ನು ನೋಡಿದರು. ನಗು ಮುಖದಲ್ಲೇ ಅರ್ಧಕ್ಕೆ ನಿಂತಿತು.

ಇನ್ನು ಸುಮ್ಮನಿದ್ದರೆ ಕೆಟ್ಟೆ ಎಂದುಕೊಂಡು ಸ್ಟೂಲನ್ನು ಎಳೆದು ಅದರ ಮೇಲೆ ಹತ್ತಿ ನಿಂತೆ.

“ಹೊಗಳಿ ಅಂದಿದ್ದು ನಂದೇ ತಪ್ಪು. ಕಂಪನಿಗೂ ಅದಕ್ಕೂ ಸಂಬಂಧ ಇಲ್ಲ,” ಎಂದೆ. “ಈ ಟ್ಯಾಬ್ ಇದೆಯಲ್ಲ, ಇಂಥ ದರಿದ್ರ ವಸ್ತುನ ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಗಾಜು ನೋಡಿದ್ರೆ ಜಾರುಬಂಡೆ, ಪೆನ್ನು ನೋಡಿದ್ರೆ ಹಲ್ಲುಕಡ್ಡಿ. ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. ನನ್ನ ಕೈಲಿ ದುಡ್ಡಿದ್ದಿದ್ರೆ…” ಎಂದವಳು ಮುಂದೆ ಹೇಳಲಾರದೆ ನಿಲ್ಲಿಸಿದೆ. ಆ ವಸ್ತು ನಿಜವಾಗಿಯೂ ಚೆಲುವಾಗಿತ್ತು.

ಬೀದಿಗೆ ಇನ್ನೇನು ಬೇಕು. ಮೇಷ್ಟ್ರ ಹುಬ್ಬು ಸಡಿಲವಾಯಿತು. “ಬಾಳಲ್ಲ ಅಂತ ನಾನು ಆಗ್ಲೇ ಹೇಳ್ಲಿಲ್ವಾ,” ಎಂದು ಪೆಟ್ಟಿಗೆಯನ್ನು ಮತ್ತೆ ಕಂಕುಳಿಗೆ ಸೇರಿಸಿದರು. ಓರಗಿತ್ತಿಯರಿಗೆ ಹೋದ ಜೀವ ಬಂತು. ಮನೆ ಹಾಳಾಗುವ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು. ಹೊರಗೆ ಹೋದವರೂ ತಿರುಗಿ ಬಂದರು. ಮೊಸರಲ್ಲಿ ಕಲ್ಲು ಹುಡುಕುವವರ ಜಾತ್ರೆಯೇ ನೆರೆಯಿತು. ಒಬ್ಬರು ಡಬ್ಬಿ ದೊಡ್ಡದಾಯಿತು ಎಂದರು, ಇನ್ನೊಬ್ಬರು ಚಿಕ್ಕದಾಯಿತು ಎಂದರು, ಇಬ್ಬರೂ ಕೊಂಡರು. ಬೇಕರಿಯವರು ಬೆಳಗ್ಗೆ ತೆಗೆದುಕೊಂಡದ್ದು ಸಾಲದೆಂದು ಇನ್ನೊಂದಕ್ಕೆ ಬಂದು, ಮೊದಲನೆಯದನ್ನು ಕಂಡು ಹೆಂಡತಿ ಮೂರು ಹೊತ್ತೂ ಬೈಯುತ್ತಿದ್ದಾಳೆ ಎಂದು ನಾಚುತ್ತ ಹೇಳಿದರು. ಗೋದಾಮಿನವನು ಬಂದು, ಒಳಗೆ ಇನ್ನು ಒಂದೂ ಉಳಿದಿಲ್ಲ, ಗೋಡೆಗೆ ಒರಗಿಸಿಟ್ಟ ರಟ್ಟಿನ ಬೊಂಬೆ ಟ್ಯಾಬನ್ನೂ ಯಾರೋ ಕೇಳುತ್ತಿದ್ದಾರೆ, ಕೊಡಲೇ ಎಂದು ಕೇಳಿದ.

ಮೇಡಂ ಇದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುತ್ತಲೇ ಇದ್ದರು. ಥೂ ಎಂದು ಬೈದ ಬಾಯಿ, ಅದರ ಬೆನ್ನಿಗೇ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಹೊರಡುವ ಕೈ. ಒಂದು ಹಂತದಲ್ಲಿ ಕ್ಯಾಮೆರಾ ಕುಲುಕತೊಡಗಿತು. ನೋಡಿದರೆ ಅವರಿಗೆ ನಗು. ನಕ್ಕು ನಕ್ಕು ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು, ಅದು ಕುಸಿಯಿತು, ಅವರು ಅಲ್ಲೇ ಕೂತು ಇನ್ನೂ ನಕ್ಕರು. ನಾನೂ ಅವರ ಪಕ್ಕ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೂತಲ್ಲಿಂದಲೇ ಅವರು ಮುಖ್ಯ ಕಚೇರಿಗೆ ಫೋನು ಮಾಡಿ, ಕೌಂಟರ್ ಎತ್ತುವ ಮಾತು ಬಿಟ್ಟು ಲಾರಿ ಕಳಿಸಿ ಎಂದರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದರು, “ನಾಳಿದ್ದು ಮುಂದಿನ ಊರು. ಬರ್ತೀಯಾ?”

ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ಅಪ್ಪ ನಿಂತಿದ್ದ.

ಅಂಗಡಿ ಮುಚ್ಚಿ, ಕೈಕಾಲು ತೊಳೆದು, ತಲೆ ಬಾಚಿಕೊಂಡು ಬಂದಿದ್ದ. ಒಳಗೆ ಬಂದವನು ನನ್ನ ಕಡೆ ನೋಡಲಿಲ್ಲ. ತೋರಿಕೆಗಿಟ್ಟಿದ್ದ ಟ್ಯಾಬನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ಅದರ ಬೆನ್ನನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟ. ಮೇಡಂ ಸೀರೆ ಕೊಡವಿಕೊಂಡು ಎದ್ದು ಹೋಗಿ ನಮಸ್ಕಾರ ಹೇಳಿದರು. ಅವರು ಹೊಸದಾಗಿ ಪಾಠ ಕಲಿತವರು, ಕಲಿತದ್ದನ್ನು ಪ್ರಯೋಗಿಸುವ ಹುಮ್ಮಸ್ಸಿನಲ್ಲಿದ್ದರು.

“ನಿಮ್ಮ ಮಗಳ ವಿಷಯ ಮಾತಾಡ್ಬೇಕಿತ್ತು,” ಎಂದರು. “ಏನೂ ಪ್ರಯೋಜನ ಇಲ್ಲ ಬಿಡಿ. ಹೇಳಿದ್ದು ಒಂದು, ಮಾಡೋದು ಒಂದು. ಜೊತೆಗೆ ಬಾಯಿ ಬೇರೆ.”

ಅಪ್ಪನ ಕಿವಿ ನೆಟ್ಟಗಾಯಿತು. ಎದುರಿಗಿರುವುದು ಕೊಳ್ಳಲು ಬಂದ ಗಿರಾಕಿ ಎಂದು ಅವನಿಗೆ ತಕ್ಷಣ ತಿಳಿಯಿತು.

“ನಿಮಗೆ ಇವತ್ತೊಂದಿನ,” ಎಂದ. “ನಾನು ಇಷ್ಟು ವರ್ಷದಿಂದ ಅನುಭವಿಸ್ತಿದೀನಿ. ಒಂದು ಕೆಲಸ ಪೂರ್ತಿ ಮಾಡಲ್ಲ. ನಿದ್ದೆ ಹತ್ತಿದ್ರೆ ಡೋಲು ಬಾರಿಸ್ಬೇಕು.”

“ಸ್ಟೂಲ್ ಮೇಲೆ ಹತ್ತಿ ನಮ್ಮ ಕಂಪನಿನೇ ಬೈದ್ಳು.”

“ನನ್ನನ್ನ ದಿನಾ ಬೈತಾಳೆ. ಅದಕ್ಕೆ ಸ್ಟೂಲೂ ಬೇಕಿಲ್ಲ.”

“ಇಂಥೋಳನ್ನ ಯಾರು ಇಟ್ಕೊಳ್ತಾರೆ?”

“ಯಾರೂ ಇಟ್ಕೊಳ್ಳಲ್ಲ. ಅದಕ್ಕೇ ನಾನು ಇಟ್ಕೊಂಡಿರೋದು.”

ಇಬ್ಬರ ನಡುವೆ ನಿಂತು ನಾನು ಬೆಳಗಿನ ಬಿಸಿಲಿಗೆ ಮೈಯೊಡ್ಡಿದ ಬೆಕ್ಕಿನ ಹಾಗೆ ಸುಖಪಡುತ್ತಿದ್ದೆ. ಇಷ್ಟು ಬೈಗುಳವನ್ನು ಒಟ್ಟಿಗೆ ಎರಡು ಕಡೆಯಿಂದ ಪಡೆಯುವ ಭಾಗ್ಯ ಎಷ್ಟು ಜನರಿಗಿದೆ. ಇದು ಹೀಗೇ ನಡೆಯುತ್ತಿರಲಿ ಎನಿಸಿತು. ಸೋಲುವವರು ಯಾರಾದರೂ ನನಗೆ ನಷ್ಟವೇ.

ಮೇಡಂ ಹತ್ತಿರ ಬೈಗುಳ ಮುಗಿಯಿತು. ಕಲಿತು ಒಂದು ಮಧ್ಯಾಹ್ನವಾಗಿತ್ತು ಅಷ್ಟೇ. ಅವರು ತಮ್ಮ ಹಳೆಯ ದಾರಿಯಲ್ಲೇ ಕೇಳಿದರು, “ನಮ್ಮ ಕೆಲಸದ ಬಗ್ಗೆ ನೀವೇನಂತೀರಿ?”

ಅಪ್ಪ ಸುತ್ತ ನೋಡಿದ. ಖಾಲಿ ಕಪಾಟುಗಳು, ನೆಲದ ತುಂಬ ಕಿತ್ತೆಸೆದ ಅಂಟುಪಟ್ಟಿ, ನಗುವಿನಿಂದ ಇನ್ನೂ ಕೆಂಪಾಗಿದ್ದ ನನ್ನ ಮುಖ. ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

“ಏನು ಕೆಲಸವಮ್ಮಾ ಇದು,” ಎಂದ. “ದಿನವೆಲ್ಲ ನಿಂತೇ ಇರ್ಬೇಕು. ಊರೂರು ಅಲೀಬೇಕು. ಕಂಡಕಂಡಲ್ಲಿ ಊಟ. ಆ ಬ್ಯಾಡ್ಜು ನೋಡಿ, ದಾರ ಎಳೆದ್ರೆ ಕಿತ್ತುಬರುತ್ತೆ.”

ನನ್ನ ಹೃದಯ ಹಕ್ಕಿಯಾಯಿತು. ಅಪ್ಪ ಕೆಲಸವನ್ನು ಬೈದಿದ್ದ. ಮೊದಲ ಸಲ, ಒಂದಲ್ಲ, ನಾಲ್ಕು ಕೊಂಕು ತೆಗೆದಿದ್ದ. ನಾನು ಅವನ ತೋಳು ಹಿಡಿದುಕೊಂಡು ಕುಣಿಯುವುದೊಂದು ಬಾಕಿ.

ಅಪ್ಪ ಕೈಯಲ್ಲಿದ್ದ ಟ್ಯಾಬನ್ನು ಮೆಲ್ಲಗೆ ಕೆಳಗಿಟ್ಟ. ನನ್ನ ಕಡೆ ತಿರುಗಿದ.

“ಚೆನ್ನಾಗಿ ಮಾಡಿದೆ ಮಗಳೇ,” ಎಂದ. “ಜಾಣೆ ನೀನು. ಈ ಬೀದಿಲಿ ನಿನ್ನಂಥೋಳು ಇನ್ನೊಬ್ಳಿಲ್ಲ. ಬಹಳ ಚೆನ್ನಾಗಿ ಮಾಡಿದೆ.”

ಮೇಡಂ ಮೆಚ್ಚಿಗೆಯಿಂದ ನಕ್ಕರು. ನನಗೆ ನಿಂತ ನೆಲ ತಣ್ಣಗಾದಂತಾಯಿತು. ಇಷ್ಟು ವರ್ಷದಲ್ಲಿ ಅಪ್ಪ ನನ್ನನ್ನು ಒಂದು ಸಲವೂ ಹೊಗಳಿರಲಿಲ್ಲ. ಹೊಗಳಿ, ಮುಂದಿನ ಅಂಗಡಿಗೆ ಹೋಗುವವನ ಹಾಗೆ ಬಾಗಿಲು ದಾಟಿ ಬೀದಿಗಿಳಿದ. ಅವನ ಬೆನ್ನು ನೋಡುತ್ತಿದ್ದಂತೆ ನನಗೆ ಅಳು ಬಂತು, ಸಿಟ್ಟೂ ಬಂತು. ಮಗಳನ್ನು ಕೊಟ್ಟುಬಿಟ್ಟೆ ಎಂದುಕೊಂಡನೇ ಇವನು, ಇಷ್ಟು ಸಲೀಸಾಗಿ.

ಓಡಿದೆ. ಬೀದಿಯ ಅಂಗಡಿಯವರೆಲ್ಲ ಬಾಗಿಲು ಎಳೆಯುತ್ತ ನೋಡುತ್ತಿದ್ದರು.

“ಅಪ್ಪಾ, ನಿಂತ್ಕೋ,” ಎಂದು ಕೂಗಿದೆ. “ಅಂಗಿ ನೋಡು, ಗುಂಡಿ ಒಂದು ಮೇಲೆ ಒಂದು ಕೆಳಗೆ. ತಲೆ ಬಾಚಿದೀಯೋ, ಉಳುಮೆ ಮಾಡಿದೀಯೋ? ನಡಿಗೆ ನೋಡಿದ್ರೆ ಕಾಲು ಕುಂಟು. ಮಾತು ನೋಡಿದ್ರೆ ಬರೀ ಮುಳ್ಳು. ಇಂಥ ಹಳೇ ಅಪ್ಪನ್ನ ಇಟ್ಕೊಂಡು ಯಾರಾದ್ರೂ ಏನ್ ಮಾಡ್ತಾರೆ? ನಿಂಗೆ ನಾಚ್ಕೆ ಆಗಲ್ವಾ?”

ಅಪ್ಪ ನಿಂತ. ತಿರುಗಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡದ್ದು ಹಿಂದಿನಿಂದಲೇ ಕಂಡಿತು.

“ಕೊಳ್ಳೋರ ಥರ ಮಾತಾಡ್ತಿದೀಯ,” ಎಂದ.

“ಮತ್ತೆ?” ಎಂದೆ, ಏದುಸಿರು ಬಿಡುತ್ತ.